ಕೊನೆಯ ನೀರು ಹಾಕುವವಳು

ಅದು ಬುಧವಾರ. ಗಂಡ ಎಂದಿನ ಹಾಗೆ ಅವಳಿಗಿಂತ ಮೊದಲೇ ಎದ್ದ. ಎಂದಿನ ಹಾಗೆ ಒಂದು ಚಪ್ಪಲಿ ಸಿಕ್ಕಿ ಇನ್ನೊಂದು ಸಿಗದೆ, ಮಂಚದ ಕೆಳಗೆ ಕೈಯಾಡಿಸುತ್ತ ಗೊಣಗಿದ. ಬಾಗಿಲ ಹಿಂದೆ ನೋಡಿ ಎಂದು ಅವಳು ಮಲಗಿದಲ್ಲಿಂದಲೇ ಹೇಳಿದಳು. ಅಲ್ಲೇ ಇತ್ತು. ಇಪ್ಪತ್ತಾರು ವರ್ಷದಿಂದ ಆ ಇನ್ನೊಂದು ಚಪ್ಪಲಿ ಬಾಗಿಲ ಹಿಂದೆಯೇ ಇರುತ್ತಿತ್ತು. ಇಪ್ಪತ್ತಾರು ವರ್ಷದಿಂದ ಅವನು ಮಂಚದ ಕೆಳಗೇ ಹುಡುಕುತ್ತಿದ್ದ.

ಅವನಿಗೆ ಊರ ಹೊರಗಿನ ಲಾರಿ ತೂಕದ ಕಟ್ಟೆಯಲ್ಲಿ ಕೆಲಸ. ಲಾರಿ ಬಂದು ಕಬ್ಬಿಣದ ಹಲಗೆಯ ಮೇಲೆ ನಿಂತರೆ ಗೂಡಿನಂಥ ಕೋಣೆಯಲ್ಲಿ ಕೂತು ಮೀಟರು ನೋಡಿ ಚೀಟಿ ಬರೆದುಕೊಡುತ್ತಿದ್ದ. ಬೀದಿಯವರ ಬಾಯಲ್ಲಿ ಅವನು ತೂಕದಣ್ಣ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಬಿಸಿ ಉರುಳೆಯ ಮುಂದೆ ನಿಂತು ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಹಾಗಾಗಿ ಲಾಂಡ್ರಿ ಅಕ್ಕ. ಮಕ್ಕಳಿರಲಿಲ್ಲ. ಇದ್ದದ್ದು ಒಂದೂವರೆ ಕೋಣೆಯ ಮನೆ, ಆ ಅರ್ಧ ಕೋಣೆಯಲ್ಲಿ ಸೋರುವ ಒಂದು ನಲ್ಲಿ.

ಇವು ಹೊಟ್ಟೆಪಾಡಿನ ಕೆಲಸಗಳು. ಇದಲ್ಲದೆ ಇಬ್ಬರಿಗೂ ಇನ್ನೊಂದು ಕೆಲಸವಿತ್ತು. ಅವರ ಪ್ರಾರ್ಥನಾ ಮನೆಯಲ್ಲಿ ಸತ್ತವರಿಗೆ ಕೊನೆಯ ನೀರು ಹಾಕಲು ಗಂಡಸರಿಗೆ ನಾಲ್ವರು ಗಂಡಸರು, ಹೆಂಗಸರಿಗೆ ನಾಲ್ವರು ಹೆಂಗಸರು ಇರುತ್ತಿದ್ದರು. ಗಂಡಸರ ನಾಲ್ವರಲ್ಲಿ ಅವನೇ ಮೊದಲಿಗ, ಹೆಂಗಸರ ನಾಲ್ವರಲ್ಲಿ ಅವಳೇ. ಗಂಡಸಿನ ಹೆಣವನ್ನು ಹೆಂಗಸು ಮುಟ್ಟುವಂತಿಲ್ಲ, ಹೆಂಗಸಿನದನ್ನು ಗಂಡಸು ಮುಟ್ಟುವಂತಿಲ್ಲ. ಕಟ್ಟಿಕೊಂಡವರಾದರೂ ಅಷ್ಟೇ.

ಕೆಲಸ ಎರಡೂ ಕಡೆ ಒಂದೇ. ಆಮೇಲಿನದು ಬೇರೆ. ಗಂಡಸರು ನೀರು ಹಾಕಿ ಮುಗಿಸಿ, ಕೈಕಾಲು ತೊಳೆದು, ಮುಂದಿನ ಬಾಗಿಲಿಂದ ಒಳಗೆ ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದರು. ತಾವು ತೊಳೆದವನ ಕೊನೆಯ ಪ್ರಾರ್ಥನೆಯನ್ನು ಕಣ್ಣೆದುರೇ ಕೇಳುತ್ತಿದ್ದರು. ಹೆಂಗಸರು ಹಿಂದಿನ ಬಾಗಿಲಿಂದ ಬಂದು ಹಿಂದಿನ ಬಾಗಿಲಿಂದಲೇ ಹೋಗಬೇಕು. ಮೂರು ದಿನ ಒಳಗೆ ಕಾಲಿಡುವಂತಿಲ್ಲ. ಯಾಕೆ ಅಂತ ಕೇಳಿದರೆ, ಮೊದಲಿಂದ ಹೀಗೇ ಅನ್ನುವುದು ಉತ್ತರ. ನೀರಿನ ಕೋಣೆಗೂ ಒಳಗಿನ ಹಜಾರಕ್ಕೂ ನಡುವೆ ಒಂದೇ ಗೋಡೆ. ಹಿಂಡಿದ ಬಟ್ಟೆಯನ್ನೇ ಮತ್ತೆ ಮತ್ತೆ ಹಿಂಡುತ್ತ, ಆ ಗೋಡೆಗೆ ಕಿವಿಕೊಟ್ಟು, ಹದಿನಾರು ವರ್ಷದಲ್ಲಿ ಅವಳಿಗೆ ಹೆಂಗಸರ ಪ್ರಾರ್ಥನೆ ಪೂರ್ತಿ ಬಾಯಿಪಾಠವಾಗಿತ್ತು. ಗಂಡಸರ ಪ್ರಾರ್ಥನೆ ಬೇರೆ. ಅದನ್ನು ಅವಳು ಕೇಳಿಯೇ ಇರಲಿಲ್ಲ. ಗಂಡಸಿನ ಕೊನೆಯ ಪ್ರಾರ್ಥನೆಗೆ ಹೆಂಗಸರನ್ನು ಒಳಗೆ ಬಿಡುತ್ತಿರಲಿಲ್ಲ, ಆ ದಿನ ನೀರಿನ ಕೋಣೆಯಲ್ಲೂ ಅವಳಿಗೆ ಕೆಲಸವಿರುತ್ತಿರಲಿಲ್ಲವಲ್ಲ.

ಆ ಬೇಸಿಗೆಯ ಮೊದಲಲ್ಲಿ ನಾಲ್ವರು ಹೆಂಗಸರೂ ಹಿರಿಯರ ಹತ್ತಿರ ಹೋದರು. ಪ್ರಾರ್ಥನಾ ಮನೆಯನ್ನು ನಡೆಸುವವರನ್ನು ಎಲ್ಲರೂ ಹಿರಿಯರು ಎಂದೇ ಕರೆಯುತ್ತಿದ್ದರು. ಕೇಳಿದ್ದು ದೊಡ್ಡದೇನಲ್ಲ. ನಾವು ನೀರು ಹಾಕಿದವಳನ್ನು ಕೊನೆಯವರೆಗೂ ನೋಡಬೇಕು, ಮುಂದಿನ ಬಾಗಿಲಿಂದ ಬಂದು ಒಂದು ಬೆಂಚಿನಲ್ಲಿ ಕೂರಬೇಕು. ಇಷ್ಟೇ. ಹಿರಿಯರು ಯೋಚಿಸೋಣ ಅಂದರು. ಎರಡು ವಾರ ಬಿಟ್ಟು ಆಗುವುದಿಲ್ಲ ಅಂದರು. ಹಾಗಾದರೆ ಆ ಬಾಗಿಲು ತೆಗೆಯುವವರೆಗೂ ನೀರು ಹಾಕುವುದಿಲ್ಲ ಅಂತ ನಾಲ್ವರೂ ಹೇಳಿ ಬಂದರು.

ಗಂಡ ಅವತ್ತು ಊಟದ ತಟ್ಟೆಯ ಮುಂದೆ ಕೂತು ನಕ್ಕಿದ್ದ. “ಸಾಯೋರು ಸ್ವಲ್ಪ ದಿನ ತಡ್ಕೊಳ್ಳಿ ಅಂತ ಊರಿಗೆಲ್ಲ ಹೇಳಿ ಬರ್ಲೇನು?”

ಐದು ವಾರ ತಡೆದುಕೊಂಡರು. ಆರನೆಯ ವಾರ ಸತ್ತದ್ದು ಹಿರಿಯರ ತಾಯಿ.

ಅವರನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಅವಳಿಗೆ ಈ ಕೆಲಸ ಕಲಿಸಿದ್ದು ಅವರೇ. ನಲವತ್ತು ವರ್ಷ ಅವರೂ ಹಿಂದಿನ ಬಾಗಿಲಿಂದಲೇ ಬಂದು ಹೋದವರು. ಮೊದಲ ದಿನ ಅವಳ ತೋಳು ಹಿಡಿದು ಹೇಳಿದ್ದರು: “ನೀರು ಬಿಸಿ ಇದ್ಯಾ ಅಂತ ನಿನ್ನ ಮೊಣಕೈ ಮೇಲೆ ಹಾಕ್ಕೊಂಡು ನೋಡು. ಅವಳಿಗೆ ಗೊತ್ತಾಗಲ್ಲ. ನಿನಗೆ ಗೊತ್ತಾಗತ್ತೆ.”

ಅವರು ಹೋದರು ಎಂದು ಸುದ್ದಿ ಬಂದಾಗ ಬೆಳಗಿನ ಆರು ಗಂಟೆ. ನಾಲ್ವರೂ ಟೈಲರಮ್ಮನ ಅಂಗಡಿಯಲ್ಲಿ ಸೇರಿದರು. ನಾಲ್ವರಲ್ಲಿ ಟೈಲರಮ್ಮನೇ ಚಿಕ್ಕವಳು; ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಅಳುತ್ತಿದ್ದಳು. ಇಬ್ಬರು ಹೋಗೋಣ ಅಂದರು. ಬೇಡ ಅಂದವಳು ಲಾಂಡ್ರಿ ಅಕ್ಕ. ಇವತ್ತು ಹೋದರೆ ಇನ್ನು ಯಾವತ್ತೂ ನಮ್ಮ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಅಂದಳು. ಹಿರಿಯರು ಮಧ್ಯಾಹ್ನದೊಳಗೆ ಬಾಗಿಲು ತೆಗೆದೇ ತೆಗೆಯುತ್ತಾರೆ, ಹೆತ್ತ ತಾಯಿಯಲ್ಲವೇ ಅಂದಳು. ಅದೇ ಅವಳು ಹಾಕಿದ ಲೆಕ್ಕ. ಹಿರಿಯರು ತೆಗೆಯಲಿಲ್ಲ. ಅವಳು ಹೋಗಲಿಲ್ಲ. ಸಂಜೆ ಐದಕ್ಕೆ ಸೊಸೆಯಂದಿರೇ ತಣ್ಣೀರು ಹೊಯ್ದು ಮುಗಿಸಿದರು. ಮೊದಲು ದವಡೆ ಕಟ್ಟಬೇಕು ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ದೊಡ್ಡಮ್ಮನ ಬಾಯಿ ತೆರೆದೇ ಉಳಿಯಿತಂತೆ.

ಅದಾದ ಮೇಲೆ ನಾಲ್ವರಲ್ಲಿ ಒಬ್ಬಳು ಅವಳ ಜೊತೆ ಮಾತು ಬಿಟ್ಟಳು. ಹಾಗೆ ಬಿಟ್ಟವಳು ಸೇತುವೆಯಾಚೆಯ ಪ್ರಾರ್ಥನಾ ಮನೆಗೆ ಸೇರಿಕೊಂಡಳು. ಅದು ಹೊಸ ಮನೆ. ಅಲ್ಲಿ ಹೆಂಗಸರು ಮುಂದೆ ನಿಂತು ಪ್ರಾರ್ಥನೆಯನ್ನೇ ಓದುತ್ತಾರೆ. ಉಳಿದವರು ಟೈಲರಮ್ಮ, ಆಸ್ಪತ್ರೆಯ ಆಯಾ, ಮತ್ತೆ ಅವಳು.

ಇಷ್ಟಾಗಿ ಹತ್ತೊಂಬತ್ತು ದಿನಕ್ಕೆ ಆ ಬುಧವಾರ. ಅವಳು ಲಾಂಡ್ರಿಯಿಂದ ಬಂದಾಗ ಗಂಡ ನಲ್ಲಿ ಬಿಚ್ಚಿ ನೆಲದ ಮೇಲೆ ಹರವಿಕೊಂಡು ಕೂತಿದ್ದ. ಇದು ಮೂರನೆಯ ಸಲ. ಮತ್ತೆ ಜೋಡಿಸಿದಾಗ ಒಂದು ರಬ್ಬರ್ ಉಂಗುರ ಕೈಯಲ್ಲೇ ಉಳಿಯಿತು. ಇದು ಹೆಚ್ಚಿಗೆ ಕೊಟ್ಟಿದ್ದಾರೆ ಅಂತ ಜೇಬಿಗೆ ಹಾಕಿಕೊಂಡ. ನಲ್ಲಿ ಮೊದಲಿಗಿಂತ ಜೋರಾಗಿ ಸೋರಿತು. ಊಟ ಮಾಡುವಾಗ ಅವಳು ಅನ್ನ ಕಲಸುತ್ತಲೇ ಇದ್ದಳು, ಬಾಯಿಗಿಡಲಿಲ್ಲ. ಅವನು ನೋಡಿದ.

“ದೊಡ್ಡಮ್ಮ ಇದ್ದಿದ್ರೆ ನಿನ್ನನ್ನ ಬೈತಿರ್ಲಿಲ್ಲ. ಅದೇ ಕಷ್ಟ,” ಅಂದ. ಮಜ್ಜಿಗೆ ಹಾಕಿಕೊಳ್ಳುತ್ತ, “ಹಿರಿಯರ ಹತ್ರ ಹೋಗಿ ಒಂದು ಮಾತಾಡಿ ಬಾ. ಬಾಗಿಲಿನ ವಿಷಯ ಎತ್ತಬೇಡ. ಅವರ ತಾಯಿ ವಿಷಯ ಮಾತಾಡು.”

“ನಾಳೆ ಹೋಗ್ತೀನಿ ರೀ,” ಅಂದಳು.

ಆ ನಾಳೆಯ ಬೆಳಗ್ಗೆ ಒಂಬತ್ತೂ ಮುಕ್ಕಾಲಿಗೆ ಅವನು ಸತ್ತ. ಲಾರಿಯ ಮುಂದಿನ ಚಕ್ರ ಹಲಗೆಯ ಹೊರಗಿದೆ, ಒಳಗೆ ತೆಗೆದುಕೋ ಅಂತ ಡ್ರೈವರಿಗೆ ಹೇಳಲು ಗೂಡಿನಿಂದ ಇಳಿದು ಬಂದಿದ್ದನಂತೆ. ಹೇಳಿದ. ಕೂತ. ಹಾಗೇ ಆ ಕಬ್ಬಿಣದ ಹಲಗೆಯ ಮೇಲೇ ಮಲಗಿದ. ಮೀಟರಿನಲ್ಲಿ ಲಾರಿಯ ತೂಕದ ಜೊತೆ ಎಪ್ಪತ್ತು ಕೆಜಿ ಹೆಚ್ಚು ಬಿತ್ತು ಎಂದು ಆ ಡ್ರೈವರೇ ಆಮೇಲೆ ಅವಳಿಗೆ ಹೇಳಿದ. ಅದನ್ನು ಯಾಕೆ ಹೇಳಿದನೋ. ಏನಾದರೂ ಹೇಳಬೇಕಿತ್ತು, ಅದನ್ನು ಹೇಳಿದ.

ಅವಳನ್ನು ಉರುಳೆಯ ಮುಂದಿನಿಂದ ಕರೆದದ್ದು ಲಾಂಡ್ರಿಯ ಮೇಡಂ. ಅರ್ಧ ಒಳಹೋದ ಹಾಸಿಗೆ ಬಟ್ಟೆಯನ್ನು ಹಾಗೆ ಬಿಟ್ಟು ಬರುವಂತಿಲ್ಲ, ಸುಟ್ಟುಹೋಗುತ್ತದೆ. ಅವಳು ಅದು ಪೂರ್ತಿ ಆಚೆ ಬರುವವರೆಗೂ ನಿಂತು, ಮಡಚಿಟ್ಟು, ಆಮೇಲೆ ಹೊರಟಳು. ಇದನ್ನೂ ಜನ ಬಹಳ ದಿನ ಆಡಿಕೊಂಡರು. ಗಂಡ ಸತ್ತ ಅಂದರೆ ಬಟ್ಟೆ ಮಡಚುತ್ತ ನಿಂತಿದ್ದಳಂತೆ ಅಂತ.

ಹನ್ನೆರಡು ಗಂಟೆಗೆ ಅವನನ್ನು ಮನೆಗೆ ತಂದರು. ಕೋಣೆಯಲ್ಲಿ ಮಂಚ ತೆಗೆದು ಚಾಪೆಯ ಮೇಲೆ ಮಲಗಿಸಿದರು. ಕಿಟಕಿ ಒಂದೇ. ಸೆಕೆ. ಅವಳು ನಾಲ್ವರು ಗಂಡಸರಿಗೆ, ಅಂದರೆ ಈಗ ಉಳಿದ ಮೂವರಿಗೆ, ಹೇಳಿಕಳಿಸಿದಳು. ಮೂವರಲ್ಲಿ ಒಬ್ಬ ಅವನ ಒಡಹುಟ್ಟಿದ ತಮ್ಮ, ಬಡಗಿ. ಮೂವರಿಗೂ ಅವನೇ ಕೆಲಸ ಕಲಿಸಿದವನು. ಒಂದು ಗಂಟೆಯಾಯಿತು. ಎರಡಾಯಿತು. ಬಂದದ್ದು ಬಡಗಿಯ ಅಂಗಡಿಯಿಂದ ಒಂದು ಉದ್ದನೆಯ ಹಲಗೆ. ಹೊಸದಾಗಿ ಹೆರೆದದ್ದು. ತಂದ ಕೂಲಿಯವನು ಅದನ್ನು ಗೋಡೆಗೆ ಒರಗಿಸಿ ಮುಖ ನೋಡದೆ ಹೋದ.

ಹಿರಿಯರು ಯಾರೂ ಹೋಗಕೂಡದು ಅಂದಿದ್ದಾರೆ ಎಂದು ಟೈಲರಮ್ಮ ಕೇಳಿಕೊಂಡು ಬಂದಳು. ಬಡಗಿಯ ಅಂಗಡಿ ನಿಂತಿರುವುದು ಪ್ರಾರ್ಥನಾ ಮನೆಯ ಜಾಗದಲ್ಲಿ. ಹಲಗೆ ಬಂದದ್ದೇ ಹೆಚ್ಚು.

ಅವಳು ಎದ್ದು ಹಿರಿಯರ ಮನೆಗೆ ನಡೆದಳು. ಅವರು ಮುಂದಿನ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಮಗ್ಗುಲಲ್ಲಿ ದೊಡ್ಡಮ್ಮನ ಕುರ್ಚಿ ಖಾಲಿ ಇತ್ತು, ಅದರ ಮೇಲೆ ಮಡಚಿದ ಕಂಬಳಿ ಇನ್ನೂ ಹಾಗೇ ಇತ್ತು. ಕೂತ್ಕೋಮ್ಮ ಅಂದರು. ಅವಳು ನಿಂತೇ ಇದ್ದಳು.

“ಮೂರು ಜನರನ್ನ ಕಳಿಸಿ,” ಅಂದಳು.

“ನನ್ನ ತಾಯಿ ಹನ್ನೊಂದು ಗಂಟೆ ಕಾದಳು. ನಾನು ಪಕ್ಕದಲ್ಲಿ ಕೂತು ನೊಣ ಓಡಿಸ್ತಿದ್ದೆ. ನೀನು ಟೈಲರ್ ಅಂಗಡೀಲಿ ಕೂತಿದ್ದೆ. ಎರಡು ಬೀದಿ ಆಚೆ.”

“ತಪ್ಪು ನಂದು. ಅವರದಲ್ಲ.”

“ನನ್ನ ತಾಯಿದೂ ಆಗಿರ್ಲಿಲ್ಲ.”

ನಿನ್ನೆ ರಾತ್ರಿಯೇ ಬಂದಿದ್ದರೆ ಇದೇ ಕೋಣೆಯಲ್ಲಿ ಇದೇ ಮಾತು ಬೇರೆ ಥರ ಬರುತ್ತಿತ್ತೋ ಏನೋ. ಹಿರಿಯರು ಕೆಟ್ಟವರಲ್ಲ. ಅವರೇ ಒಂದು ದಾರಿ ಹೇಳಿದರು. ಬಾಗಿಲ ಮಾತು ಇವತ್ತಿಗೆ ಮುಗಿಯಿತು, ಇನ್ನು ನಾವು ಹಿಂದಿನಿಂದಲೇ ಬರುತ್ತೇವೆ, ಮತ್ತೆ ಕೇಳುವುದಿಲ್ಲ ಎಂದು ಹಜಾರದಲ್ಲಿ ಎಲ್ಲರ ಮುಂದೆ ಹೇಳಿಬಿಡು. ಅರ್ಧ ಗಂಟೆಯಲ್ಲಿ ಜನ ನಿನ್ನ ಮನೆಯಲ್ಲಿರುತ್ತಾರೆ. ಪ್ರಾರ್ಥನೆ ನಾನೇ ಓದುತ್ತೇನೆ. ನಿನ್ನ ಗಂಡ ಒಳ್ಳೆಯವನು.

ಅವಳಿಗೆ ಆ ಕ್ಷಣ ಹೂಂ ಅನ್ನುವ ಆಸೆಯಾಯಿತು. ಬಾಯಿಯೂ ತೆರೆಯಿತು. ಕಣ್ಣು ಕುರ್ಚಿಯ ಮೇಲಿನ ಕಂಬಳಿಗೆ ಬಿತ್ತು.

“ಹಾಗಂದ್ರೆ ನಿಮ್ಮ ತಾಯಿ ಸುಮ್ಮನೆ ಕಾದ ಹಾಗಾಯ್ತಲ್ಲ,” ಅಂದಳು.

ಹಿರಿಯರು ಮುಖ ಆಚೆ ತಿರುಗಿಸಿದರು. ಅವಳು ಬಂದ ದಾರಿಯಲ್ಲಿ ವಾಪಸು ಬಂದಳು.

ಮನೆಯಲ್ಲಿ ಲಾಂಡ್ರಿಯ ಮೇಡಂ ಕಾಯುತ್ತಿದ್ದರು. ಅವರು ಸೇತುವೆಯಾಚೆಯ ಮನೆಯವರು. ನಮ್ಮಲ್ಲಿಂದ ಆರು ಜನ ಗಂಡಸರು ಬರುತ್ತಾರೆ, ಎಲ್ಲ ಕ್ರಮವಾಗಿ ಮಾಡುತ್ತಾರೆ, ನೀನು ಮೊದಲ ಬೆಂಚಿನಲ್ಲಿ ಕೂತಿರು, ಇಷ್ಟವಿದ್ದರೆ ಪ್ರಾರ್ಥನೆಯನ್ನೂ ನೀನೇ ಓದು ಅಂದರು. ಒಂದೇ ಮಾತು, ನಮ್ಮವರು ನೀರು ಹಾಕಿದರೆ ಅವನು ನಮ್ಮ ಮನೆಯವನಾಗುತ್ತಾನೆ, ನಮ್ಮ ನೆಲದಲ್ಲೇ ಮಲಗುತ್ತಾನೆ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅವಳು ಹದಿನಾರು ವರ್ಷ ಕೇಳಬೇಕೆಂದುಕೊಂಡದ್ದೆಲ್ಲ ಅಲ್ಲಿ ತಟ್ಟೆಯಲ್ಲಿಟ್ಟ ಹಾಗಿತ್ತು. ಆದರೆ ಗಂಡ ಆ ಮನೆಯ ಬಗ್ಗೆ ಅನ್ನುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಅಲ್ಲಿ ಎಲ್ಲರೂ ಎಲ್ಲಾನೂ ಮಾಡ್ತಾರೆ, ಒಬ್ಬರೂ ನೆಟ್ಟಗೆ ಮಾಡಲ್ಲ ಅನ್ನುತ್ತಿದ್ದ. ಸೇತುವೆ ದಾಟುವಾಗ ಆ ಕಟ್ಟಡ ಬಂದರೆ ನದಿಯ ಕಡೆ ನೋಡುತ್ತಿದ್ದ.

“ಬದುಕಿದ್ದಾಗ ಶರ್ಟ್ ಬದಲಾಯಿಸಿ ಅಂದ್ರೂ ಜಗಳಕ್ಕೆ ಬರ್ತಿದ್ರು ಮೇಡಂ,” ಅಂದಳು. “ಸತ್ತ ಮೇಲೆ ಮನೆ ಹೇಗೆ ಬದಲಾಯಿಸ್ಲಿ.”

ಮೂರೂವರೆಗೆ ಅವಳು ಬೀದಿಯವರನ್ನೆಲ್ಲ ಆಚೆ ಕಳಿಸಿ ಬಾಗಿಲು ಹಾಕಿದಳು. ಒಳಗೆ ಉಳಿದವರು ಮೂವರು. ಆಯಾ ಒಲೆಯ ಮೇಲೆ ನೀರಿಟ್ಟಳು. ಟೈಲರಮ್ಮ, ಅಕ್ಕ, ಇದು ಆಗಬಹುದಾ ಅಂತ ಒಂದೇ ಸಲ ಕೇಳಿದಳು. ಆಗಲ್ಲ ಅಂದಳು ಅವಳು. ಆಗಲ್ಲ ಅಂದು ತೋಳು ಮಡಚಿದಳು.

ಮೊದಲು ದವಡೆ ಕಟ್ಟಿದಳು. ನೀರನ್ನು ಮೊಣಕೈ ಮೇಲೆ ಹಾಕಿಕೊಂಡು ನೋಡಿದಳು. ಎರಡು ಸಲ ತಣ್ಣೀರು ಬೆರೆಸಿದಳು. ನೂರಾರು ಹೆಂಗಸರಿಗೆ ನೀರು ಹಾಕಿದ ಕೈ ಅದು. ಗಂಡಸಿನ ಮೈಯಲ್ಲಿ ಎಲ್ಲಿಂದ ಶುರುಮಾಡಬೇಕು ಅಂತ ತೋಚಲಿಲ್ಲ. ಹೆಂಗಸಿಗಾದರೆ ತಲೆಗೂದಲಿಂದ ಶುರು. ಇವನಿಗೆ ಕೂದಲೆಲ್ಲಿತ್ತು. ಅವಳು ಕಾಲಿನಿಂದ ಶುರುಮಾಡಿದಳು. ಹಿಮ್ಮಡಿ ಒಡೆದಿತ್ತು. ಲಾರಿಗಳ ಧೂಳು ಉಗುರ ಸಂದಿಯಲ್ಲಿ ಕರ್ರಗೆ ಕೂತಿತ್ತು, ಬೆಂಕಿಕಡ್ಡಿಗೆ ಬಟ್ಟೆ ಸುತ್ತಿ ತೆಗೆದಳು. ಬಲಭುಜದ ಕೆಳಗೆ ಒಂದು ಹೊಲಿಗೆಯ ಗುರುತಿತ್ತು. ಇಪ್ಪತ್ತಾರು ವರ್ಷ ಒಂದೇ ಮಂಚದಲ್ಲಿ ಮಲಗಿಯೂ ಅದು ಎಲ್ಲಿಂದ ಬಂತು ಅಂತ ಅವಳು ಕೇಳಿರಲಿಲ್ಲ. ಈಗ ಕೇಳಲು ಯಾರೂ ಇರಲಿಲ್ಲ. ತಮ್ಮನಿಗೆ ಗೊತ್ತಿರುತ್ತಿತ್ತು. ಶರ್ಟಿನ ಜೇಬಿನಲ್ಲಿ ನಲ್ಲಿಯ ಉಂಗುರ ಸಿಕ್ಕಿತು. ಆಯಾ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ಕೈಯಲ್ಲಿ ಹಿಡಿದುಕೊಂಡು ನಿಂತಳು.

ಹೊರಲು ಬಂದವರು ಲಾರಿ ಡ್ರೈವರುಗಳು. ನಾಲ್ಕು ಜನ. ಒಬ್ಬನೂ ಅವರ ಪ್ರಾರ್ಥನಾ ಮನೆಯವನಲ್ಲ. ತಮ್ಮ ಕಳಿಸಿದ ಹಲಗೆಯ ಮೇಲೆ ಮಲಗಿಸಿ, ಲಾರಿಯ ಹಿಂಭಾಗದಲ್ಲಿಟ್ಟುಕೊಂಡು ಪ್ರಾರ್ಥನಾ ಮನೆಯ ಮುಂದೆ ತಂದು ನಿಲ್ಲಿಸಿದರು. ಮುಂದಿನ ಬಾಗಿಲು ಹಾಕಿತ್ತು. ಹಿರಿಯರು ಕಿಟಕಿಯ ಹಿಂದೆ ನಿಂತದ್ದು ಕಾಣುತ್ತಿತ್ತು. ಒಬ್ಬ ಡ್ರೈವರು ಹಾರನ್ ಹೊಡೆಯಲು ಕೈ ಚಾಚಿದ, ಅವಳು ಬೇಡ ಅಂದಳು. ಐದು ನಿಮಿಷ ನಿಂತರು. ಬಾಗಿಲು ಬರೀ ಮುಚ್ಚಿತ್ತೋ, ಒಳಗಿನಿಂದ ಅಗಳಿ ಹಾಕಿತ್ತೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ತಳ್ಳಿ ನೋಡಲಿಲ್ಲ.

ಪುರಸಭೆಯ ಮಣ್ಣು ಎಂದು ಕರೆಯುವ ಸ್ಮಶಾನ ಊರಿನ ಇನ್ನೊಂದು ತುದಿಯಲ್ಲಿದೆ. ಯಾವ ಮನೆಗೂ ಸೇರದವರು, ಗುರುತು ಸಿಗದವರು, ರೈಲಿಗೆ ಸಿಕ್ಕವರು, ಅಲ್ಲಿಗೆ ಬರುತ್ತಾರೆ. ಗುಂಡಿ ತೆಗೆಯುವವನು ಕೆಲಸ ಮುಗಿಸಿ ಸನಿಕೆಯ ಮೇಲೆ ಕೈಯೂರಿ ನಿಂತ. ಈಗ ಯಾರಾದರೂ ಏನಾದರೂ ಹೇಳಬೇಕಿತ್ತು. ಎಲ್ಲರೂ ಅವಳ ಮುಖ ನೋಡಿದರು.

ಅವಳಿಗೆ ಗೊತ್ತಿದ್ದದ್ದು ಒಂದೇ ಪ್ರಾರ್ಥನೆ. ಗೋಡೆಯಾಚೆಯಿಂದ ಕೇಳಿ ಕಲಿತದ್ದು. ಸರಪಳಿಯ ಹಾಗೆ ಕಲಿತದ್ದರಿಂದ ನಡುವಿನ ಒಂದು ಕೊಂಡಿ ಬಿಟ್ಟರೆ ಮುಂದಿನದು ನೆನಪಿಗೆ ಬರುತ್ತಿರಲಿಲ್ಲ. ಹಾಗಾಗಿ ಒಂದನ್ನೂ ಬಿಡದೆ ಹೇಳಿದಳು. ಒಲೆಯ ಮುಂದೆ ಬೆಂದ ಈ ಕೈಗಳಿಗೆ ಬಿಡುವು ಕೊಡು. ಹೆತ್ತ ಈ ಹೊಟ್ಟೆಗೆ ತಂಪು ಕೊಡು. ಹಾಲೂಡಿದ ಈ ಎದೆಯ ಭಾರ ಇಳಿಸು. ಎಲ್ಲರೂ ಉಂಡ ಮೇಲೆ ಉಂಡ ಈ ತಾಯಿಯನ್ನು ಮೊದಲ ಪಂಕ್ತಿಯಲ್ಲಿ ಕೂರಿಸು. ಎಪ್ಪತ್ತು ಕೆಜಿಯ ಬೋಳುತಲೆಯ ಗಂಡಸನ್ನು ಮಣ್ಣಿಗಿಡುತ್ತ ಅವಳು ಇಷ್ಟನ್ನೂ, ಉಳಿದ ಆರೇಳು ಸಾಲನ್ನೂ ಹೇಳಿದಳು. ಡ್ರೈವರುಗಳು ಟೋಪಿ ತೆಗೆದು ತಲೆ ಬಗ್ಗಿಸಿದ್ದರು. ಅವರಿಗೆ ಇದೇ ಕ್ರಮವಿರಬೇಕು ಅನ್ನಿಸಿತ್ತು. ಟೈಲರಮ್ಮ ಮಾತ್ರ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಕೇಳಿಸಿಕೊಂಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ಆ ಯೋಚನೆ ಬಂದದ್ದೇ, ಅಲ್ಲಿಯವರೆಗೆ ಬರದಿದ್ದ ಅಳು ಅವಳಿಗೆ ಬಂತು.

ಆಮೇಲಿನ ತಿಂಗಳುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಲಾಂಡ್ರಿಗೆ ಹೋದಳು, ಬಂದಳು. ಇಬ್ಬರ ಅಳತೆಗೆ ಅಕ್ಕಿ ಹಾಕಿ ಮಿಕ್ಕಿದ್ದನ್ನು ಮರುದಿನ ತಿಂದಳು. ಹೆಂಗಸರು ಒಬ್ಬೊಬ್ಬರಾಗಿ ಹಳೆಯ ಪ್ರಾರ್ಥನಾ ಮನೆ ಬಿಟ್ಟರು. ಕೆಲವರು ಸೇತುವೆ ದಾಟಿದರು, ಕೆಲವರು ಮನೆಯಲ್ಲೇ ಉಳಿದರು. ಗಂಡ ಒಂದು ಪ್ರಾರ್ಥನಾ ಮನೆಗೆ, ಹೆಂಡತಿ ಇನ್ನೊಂದಕ್ಕೆ ಹೋಗುವುದು ಊರಲ್ಲಿ ಶುರುವಾಯಿತು; ವಾರದ ಪ್ರಾರ್ಥನೆಯ ದಿನ ಸೇತುವೆಯವರೆಗೆ ಜೊತೆಗೆ ಬಂದು ಅಲ್ಲಿ ಬೇರೆಯಾಗುತ್ತಿದ್ದರು. ಲಾಂಡ್ರಿ ಅಕ್ಕ ಎಲ್ಲಿಗೂ ಹೋಗಲಿಲ್ಲ. ಮೇಡಂ ಎರಡು ಸಲ ಕರೆದು ಸುಮ್ಮನಾದರು.

ಹಳೆಯ ಮನೆಯಲ್ಲಿ ಹೆಂಗಸರು ಸತ್ತರೆ ಹಿರಿಯರು ಹೊರಗಿನಿಂದ ಆಳು ಕರೆಸುತ್ತಿದ್ದರು. ಅವರು ರಬ್ಬರ್ ಗ್ಲೌಸ್ ಹಾಕಿಕೊಂಡು, ಕಿವಿಗೆ ಫೋನ್ ಒತ್ತಿಕೊಂಡು, ಕಾಲು ಗಂಟೆಯಲ್ಲಿ ಮುಗಿಸಿ ಹೋಗುತ್ತಿದ್ದರು. ಜನ ಗೊಣಗಿದರು. ಎಂಟನೆಯ ತಿಂಗಳಲ್ಲಿ ಹಿರಿಯರ ಹೆಂಡತಿ ಹಾಸಿಗೆ ಹಿಡಿದರು. ತನಗೆ ಆ ಗ್ಲೌಸಿನ ಕೈ ಬೇಡ ಎಂದು ಹಟ ಹಿಡಿದರು.

ಹಿರಿಯರು ಒಂದು ಮಧ್ಯಾಹ್ನ ಅವಳ ಮನೆ ಬಾಗಿಲಿಗೆ ಬಂದರು. ಒಳಗೆ ಕರೆದರೂ ಹೊಸ್ತಿಲಾಚೆಯೇ ನಿಂತರು. ಮುಂದಿನ ಬಾಗಿಲಿಂದ ಬನ್ನಿ ಅಂದರು. ಬೆಂಚಿನಲ್ಲಿ ಕೂರಿ. ಮೂರು ದಿನದ ಮಾತೂ ಇಲ್ಲ. ನಾನು ಹಜಾರದಲ್ಲಿ ಹೇಳಿಯಾಗಿದೆ, ಯಾರೂ ಎದುರು ಮಾತಾಡಲಿಲ್ಲ. ಇಷ್ಟು ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ಅವಳು ಒಂದನ್ನೇ ಕೇಳಿದಳು. “ನಮ್ಮವರ ಪ್ರಾರ್ಥನೆ ಓದಿ. ಹಜಾರದಲ್ಲಿ. ನಾನು ಮುಂದೆ ಕೂತು ಕೇಳ್ತೀನಿ.”

“ಎಂಟು ತಿಂಗಳಾದ ಮೇಲೆ ಓದೋ ಕ್ರಮ ಇಲ್ಲಮ್ಮ.”

“ಗಂಡಸು ಹೆಂಗಸಿನ ಕೈಯಲ್ಲಿ ನೀರು ಹಾಕಿಸಿಕೊಳ್ಳೋ ಕ್ರಮಾನೂ ಇರ್ಲಿಲ್ಲ.”

ಓದುತ್ತೇನೆ ಅಂದರು.

ಆ ವಾರದ ಪ್ರಾರ್ಥನೆಯ ದಿನ ಅವಳು ಮುಂದಿನ ಬಾಗಿಲಿಂದ ಹೋದಳು. ಟೈಲರಮ್ಮ, ಆಯಾ ಜೊತೆಗಿದ್ದರು. ಬಾಗಿಲು ಅವಳು ಅಂದುಕೊಂಡಿದ್ದಷ್ಟು ಎತ್ತರವಿರಲಿಲ್ಲ. ಮೊದಲ ಬೆಂಚು ಗಟ್ಟಿ ಮರದ್ದು, ಬೆನ್ನಿಗೆ ಒರಗು ಇಲ್ಲ. ಆಚೆ ತುದಿಯಲ್ಲಿ ಬಡಗಿ ಮೈದುನ ಕೂತಿದ್ದ, ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು. ಹಿರಿಯರು ಎದ್ದುನಿಂತು ಗಂಡಸರ ಪ್ರಾರ್ಥನೆ ಓದಿದರು. ಅವಳು ಅದನ್ನು ಹುಟ್ಟಿದಮೇಲೆ ಮೊದಲ ಸಲ ಕೇಳಿದಳು. ನಡೆದವನಿಗೆ ದಾರಿ ಮುಗಿಯಿತು, ಬಾಗಿಲು ತೆಗೆ. ಹೊತ್ತವನ ಹೊರೆ ಇಳಿಸು. ಅವನ ಮಾತಿಗೆ ಸಾಕ್ಷಿಯಾಗು. ಅವನ ಮನೆ ನಿಲ್ಲಲಿ. ಹಿರಿಯರು ಪುಸ್ತಕ ಮುಚ್ಚಿದರು.

ಅಷ್ಟೇ. ಹೆಂಗಸರದರ ಅರ್ಧವೂ ಇರಲಿಲ್ಲ. ಅವಳು ಇನ್ನೂ ಏನೋ ಇದೆ ಅಂತ ಕಾಯುತ್ತ ಕೂತಿದ್ದಳು. ಎಂಟು ತಿಂಗಳು ಅವನಿಗೆ ಸಿಗಲಿಲ್ಲ ಸಿಗಲಿಲ್ಲ ಅಂತ ಎದೆ ಸುಟ್ಟುಕೊಂಡದ್ದು ಈ ನಾಲ್ಕು ಸಾಲಿಗೆ. ಅದರಲ್ಲಿ ಅವನ ಕಾಲಿನ ಬಗ್ಗೆ ಇರಲಿಲ್ಲ, ಕೈಯ ಬಗ್ಗೆ ಇರಲಿಲ್ಲ. ಅವನ ಮನೆ ನಿಲ್ಲಲಿ ಅಂತೆ. ಒಂದೂವರೆ ಕೋಣೆ, ಒಬ್ಬ ಹೆಂಗಸು. ಟೈಲರಮ್ಮ ಕೈ ಮುಟ್ಟಿದಾಗಲೇ ಮುಗಿಯಿತೆಂದು ಅವಳಿಗೆ ತಿಳಿದದ್ದು.

ಆಚೆ ಮೈದುನ ದಾರಿಗೆ ಅಡ್ಡ ಬಂದ. “ಅತ್ತಿಗೆ, ನಂದು ತಪ್ಪಾಯ್ತು,” ಅಂದ. “ಅಂಗಡಿ ಬಿಡಿಸ್ತಾರೆ ಅಂತ ಹೆದರಿದೆ.”

“ನಿನ್ನ ಹಲಗೆ ಚೆನ್ನಾಗಿತ್ತು,” ಅಂದಳು ಅವಳು. “ಒಂದು ಸಿಬಿರೂ ಇರ್ಲಿಲ್ಲ.”

ಅವಳು ಇನ್ನೇನಾದರೂ ಹೇಳಲಿ ಅಂತ ಅವನು ಕಾದ. ಅವಳು, ನಿಮ್ಮಣ್ಣನ ಭುಜದ ಕೆಳಗಿನ ಹೊಲಿಗೆ ಯಾವಾಗಿನದು ಅಂತ ಕೇಳಿದಳು. ಚಿಕ್ಕಂದಿನಲ್ಲಿ ತನ್ನನ್ನು ನೀರಿನ ತೊಟ್ಟಿಯಿಂದ ಎತ್ತುವಾಗ ತಗಡು ತಾಗಿದ್ದು ಅಂದ ಮೈದುನ. ಅಂದು ಅಲ್ಲೇ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಅವಳು ಸಮಾಧಾನ ಮಾಡಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವಳಿಗೆ ಅವತ್ತೂ ಇರಲಿಲ್ಲ, ಈಗಲೂ ಇಲ್ಲ.

ಹಿರಿಯರ ಹೆಂಡತಿ ಮುಂದಿನ ತಿಂಗಳು ಹೋದರು. ಅವಳೇ ಬಂದು ನೀರು ಹಾಕಿದಳು. ನೆಟ್ಟಗೆ ಹಾಕಿದಳು, ದೊಡ್ಡಮ್ಮನಿಗೂ ಸೇರಿಸಿ ಹಾಕಿದಳು. ಬೆಂಚಿನಲ್ಲಿ ಕೂತು ಹೆಂಗಸರ ಪ್ರಾರ್ಥನೆಯನ್ನು ಕೊನೆಯವರೆಗೂ ಕೇಳಿದಳು. ಆ ಪ್ರಾರ್ಥನಾ ಮನೆಯಲ್ಲಿ ಅದೇ ಅವಳ ಕೊನೆಯ ಸಲ. ಟೈಲರಮ್ಮ ಈಗ ಅಲ್ಲಿ ಮೊದಲಿಗಳು, ಅವಳ ಕೈಕೆಳಗೆ ಹೊಸಬರು ಮೂವರು ಕಲಿಯುತ್ತಿದ್ದಾರೆ. ಮುಂದಿನ ಬಾಗಿಲಿಂದ ಬರುತ್ತಾರೆ, ಮುಂದಿನ ಬಾಗಿಲಿಂದ ಹೋಗುತ್ತಾರೆ. ಹಿಂದಿನ ಬಾಗಿಲು ಇತ್ತೆಂಬುದೇ ಅವರಲ್ಲಿ ಚಿಕ್ಕವಳಿಗೆ ಗೊತ್ತಿಲ್ಲವಂತೆ. ಈಗ ಅಲ್ಲಿ ಪೊರಕೆ ಇಡುತ್ತಾರೆ.

ನೀವು ಯಾವ ಮನೆಯವರು ಅಂತ ಯಾರಾದರೂ ಕೇಳಿದರೆ ಲಾಂಡ್ರಿ ಅಕ್ಕ, ಪುರಸಭೆಯವಳು ಅನ್ನುತ್ತಾಳೆ. ಕೇಳಿದವರು ಅಲ್ಲಿ ಅವಳಿಗೆ ನೌಕರಿ ಅಂದುಕೊಳ್ಳುತ್ತಾರೆ.

ಪುರಸಭೆಯ ಮಣ್ಣಿನ ಗೇಟಿನ ಪಕ್ಕ ಒಂದು ತಗಡಿನ ಮಾಡು ಇದೆ. ಅದರ ಕೆಳಗೆ ಉದ್ದನೆಯ ಕಲ್ಲು. ಯಾರೂ ಇಲ್ಲದವರನ್ನು ಆಸ್ಪತ್ರೆಯವರು ಅಲ್ಲಿಗೆ ತಂದು ಹಾಕುತ್ತಾರೆ. ಗಂಡಸು ಬರಲಿ, ಹೆಂಗಸು ಬರಲಿ, ಅವಳು ನೀರು ಹಾಕುತ್ತಾಳೆ. ಒಂದೇ ಪ್ರಾರ್ಥನೆ ಹೇಳುತ್ತಾಳೆ, ಒಲೆಯ ಮುಂದೆ ಬೆಂದ ಕೈಗಳದ್ದು. ವಾರಕ್ಕೆ ಒಬ್ಬರು ಬಂದರೆ ಹೆಚ್ಚು. ಅನೇಕ ವಾರ ಯಾರೂ ಬರುವುದಿಲ್ಲ.

ಆದರೆ ಪಾರಿವಾಳಗಳು ದಿನಾ ಬರುತ್ತವೆ. ಅವು ಮಾಡಿನ ತೊಲೆಯ ಮೇಲೆ ಕೂತು ಕಲ್ಲಿನ ತುಂಬ ಹೊಲಸು ಮಾಡುತ್ತವೆ. ಬೆಳಗ್ಗೆ ಐದೂ ಮುಕ್ಕಾಲಿಗೆ, ಲಾಂಡ್ರಿಯ ಪಾಳಿ ಶುರುವಾಗುವ ಮೊದಲು, ಅವಳು ಬಕೆಟ್ಟು, ಬ್ರಷ್ಷು ಹಿಡಿದು ಅಲ್ಲಿರುತ್ತಾಳೆ. ಇವತ್ತು ಯಾರೂ ಇಲ್ಲ ಅಕ್ಕ, ಸುಮ್ನೆ ಯಾಕೆ ಅಂತ ಕಾವಲುಗಾರ ಗೂಡಿನೊಳಗಿಂದಲೇ ಹೇಳುತ್ತಾನೆ. ಅವಳು ಹೂಂ ಅನ್ನುತ್ತಾಳೆ. ತಲೆಯ ಕಡೆಯಿಂದ ಶುರುಮಾಡಿ ಕಾಲಿನ ಕಡೆಗೆ ಉಜ್ಜುತ್ತಾಳೆ. ಕಲ್ಲಿನ ನಡುವೆ ನೀರು ಹರಿಯಲು ಕೊರೆದ ಗೆರೆಯೊಳಗೆ ಬ್ರಷ್ಷು ಹೋಗುವುದಿಲ್ಲ. ಅಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಉಜ್ಜುತ್ತಾಳೆ.